ಬೊಲೋನ್ಯಾದ ಸಮ್ಮೇಳನದಲ್ಲಿ ಎಂತ ಮಾತಾಡಿದರು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಇಟಲಿಯ ಬೊಲೋನ್ಯಾದಲ್ಲಿ 2018ರ ಜೂನ್‌ನಲ್ಲಿ ನಡೆದ ಎಲ್‌ಎಚ್‌ಸಿಪಿ ಸಮ್ಮೇಳನದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಜಿನೀವಾ ಹತ್ತಿರ ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ನೆಲದಡಿಯ ದೊಡ್ಡ ಯಂತ್ರ ಇದೆಯಲ್ಲ, ಲಾರ್ಜ್ ಹೇಡ್ರಾನ್ ಕೊಲೈಡರ್ (ಎಲ್‌ಎಚ್‌ಸಿ)? ಅದರ ಫಲಿತಾಂಶಗಳ ಚರ್ಚೆಗೆ ವರ್ಷಕ್ಕೊಮ್ಮೆ, ಪ್ರತಿ ಸಲ ಬೇರೆ ಊರಿನಲ್ಲಿ ಸೇರುವ ಸಮ್ಮೇಳನ ಅದು. ನನ್ನ ತಂಗಿಯ ಮಗಳು ಅಲ್ಲಿ ತನ್ನ ಸಂಶೋಧನೆಯ ಪೋಸ್ಟರ್ ಹಾಕಿದ್ದಳು. ‘ದೊಡ್ಡಮ್ಮ, ನೀವೂ ಬನ್ನಿ, ಜೀವಮಾನ ಇಡೀ ಉಡುಪಿಯಲ್ಲಿ ಭೌತಶಾಸ್ತ್ರ ಕಲಿಸಿದ್ದೀರಿ, ಒಮ್ಮೆ ನೋಡಿ’ ಅಂದಳು. ಹೋದೆ. ಆ ನಾಲ್ಕು ಸಾಲಿಗೆ ಇಷ್ಟು ಪತ್ರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಕೆಲವನ್ನು ಆರಿಸಿದ್ದೇನೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಮೇಡಂ, ನಾನು ಬಿ.ಎಸ್ಸಿ. ಎರಡನೇ ವರ್ಷ. ಸಂಶೋಧನಾ ಲೇಖನಗಳೆಲ್ಲ ಈಗ ಇಂಟರ್ನೆಟ್‌ನಲ್ಲೇ ಸಿಗುತ್ತವೆ. ಹಾಗಿದ್ದರೆ ವಿಮಾನ ಹತ್ತಿ ಹೋಗಿ ಒಂದು ಊರಲ್ಲಿ ಸೇರುವುದು ಯಾಕೆ? ಅಲ್ಲಿ ನಿಜವಾಗಿ ಎಂತ ನಡೆಯುತ್ತದೆ?
(ವಿದ್ಯಾರ್ಥಿನಿ, ಕಾರ್ಕಳ)

ಮೊದಲು ಎಂತ ನಡೆಯುವುದಿಲ್ಲ ಅಂತ ಹೇಳುತ್ತೇನೆ. ಪ್ರಾರ್ಥನೆ ಇಲ್ಲ, ದೀಪ ಬೆಳಗುವುದಿಲ್ಲ. ವೇದಿಕೆ ತುಂಬ ಕುರ್ಚಿ ಇಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಯಾವುದೂ ಇಲ್ಲ. ನಮ್ಮ ಕಡೆ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ, ಎಲ್ಲಿ ಅಂತ ಕೇಳಬೇಡಿ. ಉದ್ಘಾಟನೆ ಮುಗಿಯುವಾಗ ಊಟದ ಗಂಟೆ ಹೊಡೆದಿತ್ತು. ಮಧ್ಯಾಹ್ನ ಪ್ರಬಂಧ ಓದುವವರಿಗೆ ತಲಾ ಐದು ನಿಮಿಷ. ಪ್ರಶ್ನೆ ಕೇಳಲು ಸಮಯವೇ ಇಲ್ಲ! ಬೊಲೋನ್ಯಾದಲ್ಲಿ ನಾಲ್ಕು ಮಾತಿನ ಸ್ವಾಗತ, ಕೂಡಲೇ ಮೊದಲ ಸ್ಲೈಡ್. ಭಾಷಣಕಾರರು ಸಮಯ ಮೀರಿದರೆ ಅಧ್ಯಕ್ಷರು ಎದ್ದು ನಿಲ್ಲುತ್ತಾರೆ. ಅಷ್ಟೇ ಮರ್ಯಾದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಲ್ಲಿ ಮಾತಾಡುವವರು ತಮ್ಮ ಸ್ವಂತ ಲೆಕ್ಕದಲ್ಲಿ ಮಾತಾಡುವುದಿಲ್ಲ. ಅಟ್ಲಾಸ್, ಸಿಎಂಎಸ್ ಅಂತ ಎರಡು ದೊಡ್ಡ ಡಿಟೆಕ್ಟರುಗಳಿವೆ, ಡಿಕ್ಕಿಯಲ್ಲಿ ಹುಟ್ಟುವ ಕಣಗಳನ್ನು ಗುರುತಿಸುವ ಯಂತ್ರಗಳು. ಒಂದೊಂದರ ಹಿಂದೆಯೂ ಸಾವಿರಾರು ವಿಜ್ಞಾನಿಗಳು. 2015ರಲ್ಲಿ ಎರಡೂ ತಂಡ ಸೇರಿ ಹಿಗ್ಸ್ ಎಂಬ ಮೂಲ ಕಣದ (ಅದರ ವಿಷಯ ಮುಂದೆ ಬರುತ್ತದೆ) ದ್ರವ್ಯರಾಶಿಯ ಬಗ್ಗೆ ಒಂದು ಲೇಖನ ಬರೆದವು. ಲೇಖಕರ ಪಟ್ಟಿಯಲ್ಲಿ 5,154 ಹೆಸರು. ಒಟ್ಟು 33 ಪುಟದಲ್ಲಿ ವಿಷಯಕ್ಕೆ 9 ಪುಟ, ಉಳಿದ 24 ಪುಟ ಬರೀ ಹೆಸರು ಮತ್ತು ವಿಳಾಸ. ಇಷ್ಟು ಜನರ ಪರವಾಗಿ ಒಬ್ಬಳು ಹುಡುಗಿ ಎದ್ದು ನಿಂತು ಮಾತಾಡಬೇಕು. ಹಾಗಾಗಿ ಯಾರು ಮಾತಾಡಬೇಕು ಅಂತ ತಂಡವೇ ತೀರ್ಮಾನಿಸುತ್ತದೆ. ಸ್ಲೈಡಿನ ಪ್ರತಿ ಅಂಕಿಯೂ ಒಳಗಿನ ಪರಿಶೀಲನೆ ದಾಟಿ ಬರಬೇಕು. ಹೊರಡುವ ಮೊದಲು ತಂಡದವರ ಎದುರು ಅಭ್ಯಾಸ ಮಾಡಬೇಕು. ನನ್ನ ತಂಗಿಯ ಮಗಳದ್ದು ಬರೀ ಪೋಸ್ಟರ್. ಆದರೂ ಅದರ ಒಂದು ಗ್ರಾಫಿನ ಬಣ್ಣಕ್ಕೂ ಟಿಪ್ಪಣಿ ಬಂದಿತ್ತಂತೆ.

ಇನ್ನೊಂದು ಕಟ್ಟುನಿಟ್ಟು ನನಗೆ ಬಹಳ ಹಿಡಿಸಿತು. ಬಹಳಷ್ಟು ಹುಡುಕಾಟಗಳಲ್ಲಿ ತಂಡದವರು ತಮ್ಮ ಕಣ್ಣನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಉತ್ತರ ಇರುವ ಜಾಗದ ಡೇಟಾ ಮೊದಲು ನೋಡುವಂತಿಲ್ಲ. ಹೇಗೆ ಲೆಕ್ಕ ಹಾಕುತ್ತೇವೆ, ಎಂಥ ಘಟನೆ ಬೇಕು, ಎಂಥದ್ದು ಬೇಡ ಅಂತೆಲ್ಲ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಆಮೇಲೆ ಪೆಟ್ಟಿಗೆ ತೆರೆಯುವುದು. ತೆರೆದ ಮೇಲೆ ಲೆಕ್ಕದ ದಾರಿ ಬದಲಿಸಿದರೆ ಯಾರೂ ನಂಬುವುದಿಲ್ಲ. ನಮ್ಮ ಲ್ಯಾಬ್‌ಗಳಲ್ಲಿ ಗುರುತ್ವದ ಉತ್ತರ 9.8 ಬರುವವರೆಗೆ ಲೋಲಕದ ರೀಡಿಂಗ್ ತಿದ್ದುವ ಮಕ್ಕಳನ್ನು ವರ್ಷಗಟ್ಟಲೆ ನೋಡಿದವಳು ನಾನು. ನೀವು ಹಾಗೆ ಮಾಡುವುದಿಲ್ಲ ಅಲ್ವಾ?

ಎಲ್ಲ ಮೊದಲೇ ತೀರ್ಮಾನ ಆಗಿದ್ದರೆ ಸಮ್ಮೇಳನ ಯಾಕೆ ಅಂತ ನೀವು ಕೇಳಬಹುದು. ನೀವು ಯಕ್ಷಗಾನದ ಊರಿನವರು, ತಾಳಮದ್ದಲೆ ಕೇಳಿರುತ್ತೀರಿ. ಪ್ರಸಂಗ ಎಲ್ಲರಿಗೂ ಗೊತ್ತು, ಪದ್ಯ ಪುಸ್ತಕದಲ್ಲೇ ಉಂಟು. ಆದರೂ ರಾತ್ರಿ ಇಡೀ ಕೂತು ಕೇಳುವುದು ಯಾಕೆ? ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾರೆ, ಇವರು ಹೇಗೆ ನಿಭಾಯಿಸುತ್ತಾರೆ ಅಂತ ನೋಡಲಿಕ್ಕೆ. ಇದೂ ಹಾಗೆಯೇ. ಒಬ್ಬರು ಫಲಿತಾಂಶ ಇಡುತ್ತಾರೆ. ಎದುರಿನ ಡಿಟೆಕ್ಟರ್ ತಂಡದವರು, ಅದೇ ಲೆಕ್ಕವನ್ನು ಬೇರೆ ದಾರಿಯಲ್ಲಿ ಮಾಡಿದವರು, ಸಭೆಯಲ್ಲೇ ಕೂತಿರುತ್ತಾರೆ. ‘ನಿಮ್ಮ ಹಿನ್ನೆಲೆಯ ಅಂದಾಜು ಎಲ್ಲಿಂದ ಬಂತು?’ ಅಂತ ಒಂದೇ ಪ್ರಶ್ನೆ ಸಾಕು. (ಹಿನ್ನೆಲೆ ಅಂದರೆ ಹುಡುಕುವ ಕಣ ಇಲ್ಲದೆಯೂ ಅದರಂತೆಯೇ ಕಾಣುವ ಮಾಮೂಲಿ ಘಟನೆಗಳು.) ಉತ್ತರ ಗಟ್ಟಿ ಇದೆಯೋ ಟೊಳ್ಳೋ, ಸಭೆಗೆ ಗೊತ್ತಾಗಿಬಿಡುತ್ತದೆ.

2015ರ ಡಿಸೆಂಬರ್‌ನಲ್ಲಿ ಏನಾಯಿತು ಗೊತ್ತಾ? ಎರಡು ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಒಟ್ಟಿಗೆ ಬರುವ ಘಟನೆಗಳನ್ನು ಎಣಿಸುವಾಗ, 750 ಜಿಇವಿ (ಕಣಗಳ ಶಕ್ತಿ, ದ್ರವ್ಯರಾಶಿ ಅಳೆಯುವ ಮಾನ) ಹತ್ತಿರ ಅಟ್ಲಾಸ್‌ಗೂ ಸಿಎಂಎಸ್‌ಗೂ ಗ್ರಾಫಿನಲ್ಲಿ ಒಂದು ಸಣ್ಣ ಉಬ್ಬು ಕಾಣಿಸಿತು. ಹೊಸ ಕಣವೇ ಇರಬೇಕು ಅಂತ ಸಿದ್ಧಾಂತದವರು ನೂರಾರು ಲೇಖನ ಬರೆದರು. 2016ರ ಆಗಸ್ಟ್‌ನಲ್ಲಿ ಶಿಕಾಗೋದಲ್ಲಿ ಇನ್ನೊಂದು ದೊಡ್ಡ ಸಮ್ಮೇಳನ. ಅಷ್ಟರಲ್ಲಿ ಜಾಸ್ತಿ ಡೇಟಾ ಬಂದಿತ್ತು, ಉಬ್ಬು ಮಾಯ. ಎರಡೂ ತಂಡದವರು ಎಲ್ಲರ ಮುಂದೆ ಇಲ್ಲ ಅಂದರು. ಯಾರ ಕೆಲಸವೂ ಹೋಗಲಿಲ್ಲ. ಯಾರ ಮುಖವೂ ಬಾಡಲಿಲ್ಲ ಅಂತ ಮಾತ್ರ ಹೇಳಲಾರೆ. ಆದರೆ ಹೇಳಿದರು. ಸಮ್ಮೇಳನದಿಂದ ನನಗೆ ಬೇಕಾದದ್ದು ಇದೇ. ಘೋಷಣೆ ಪತ್ರಿಕೆಯಲ್ಲೂ ಬರುತ್ತದೆ. ತಪ್ಪು ಹಿಡಿಯಬಲ್ಲವರ ಎದುರು ನಿಂತು ಹೇಳಬೇಕಾದ ಜಾಗ ಬೇರೆ ಇಲ್ಲ.

2020ರಲ್ಲಿ ಎಲ್‌ಎಚ್‌ಸಿಪಿ ಪ್ಯಾರಿಸ್‌ನಲ್ಲಿ ನಡೆಯಬೇಕಿತ್ತು, ಕೊರೊನಾದಿಂದ ಆನ್‌ಲೈನ್ ಆಯಿತು. ಭಾಷಣಗಳೇನೋ ಸುಸೂತ್ರ ನಡೆದವು ಅಂತ ನಮ್ಮ ಹುಡುಗಿ ಹೇಳಿದಳು. ಆದರೆ ಕಾಫಿ ಹೊತ್ತಿಗೆ ಯಾರೋ ಹಿರಿಯರು ಪಕ್ಕಕ್ಕೆ ಬಂದು, ‘ಆ ಮೂರನೇ ಗ್ರಾಫ್ ಇನ್ನೊಮ್ಮೆ ನೋಡು ಮಗೂ’ ಅನ್ನುವುದು ಪರದೆಯಲ್ಲಿ ಆಗುವುದಿಲ್ಲವಂತೆ. ಬೊಲೋನ್ಯಾದಲ್ಲಿ ಅವಳ ಪೋಸ್ಟರ್ ಮುಂದೆ ಅಂಥವರೊಬ್ಬರು ಅರ್ಧ ಗಂಟೆ ನಿಂತಿದ್ದರು. ನಾನು ದೂರದಲ್ಲಿ ನಿಂತು ನೋಡಿದೆ. ಅವಳು ಪೆನ್ನು ತೆಗೆದು ಪೋಸ್ಟರ್ ಮೇಲೆಯೇ ಲೆಕ್ಕ ಹಾಕಲು ಶುರು ಮಾಡಿದ್ದಳು.

ಹಿಗ್ಸ್ ಬೋಸಾನ್ 2012ರಲ್ಲೇ ಸಿಕ್ಕಿತ್ತಲ್ಲ? ಮತ್ತೆ 2018ರಲ್ಲಿ ಹೊಸತೇನು? ‘ಐದು ಸಿಗ್ಮಾ’ ಅಂದರೇನು?
(ಪಿಯು ಉಪನ್ಯಾಸಕರು, ಮೂಡುಬಿದಿರೆ)

ಸಿಕ್ಕಿತ್ತು. 2012ರ ಜುಲೈ 4ರಂದು ಸರ್ನ್‌ನಲ್ಲಿ ಘೋಷಣೆ ಆಯಿತು. ಸಿಕ್ಕಿದ್ದು ಒಂದು ಕಣ, 125 ಜಿಇವಿ ದ್ರವ್ಯರಾಶಿಯದ್ದು. ಅದು ನಾವು ಅಂದುಕೊಂಡ ಹಿಗ್ಸೇ ಹೌದಾ ಅನ್ನುವುದು ಆಮೇಲಿನ ಕೆಲಸ.

ಸಿದ್ಧಾಂತ ಹೇಳುವುದು ಸರಳ. ಮೂಲ ಕಣಗಳಿಗೆ ದ್ರವ್ಯರಾಶಿ ಬರುವುದು ಹಿಗ್ಸ್ ಕ್ಷೇತ್ರದಿಂದ. ಹಾಗಾದರೆ ಕಣ ಭಾರವಾದಷ್ಟೂ ಹಿಗ್ಸ್ ಜೊತೆಗಿನ ಅದರ ನಂಟು ಬಲವಾಗಿರಬೇಕು. ಎಲ್ಲಕ್ಕಿಂತ ಭಾರದ್ದು ಟಾಪ್ ಕ್ವಾರ್ಕ್. (ಕ್ವಾರ್ಕ್ ಅಂದರೆ ಪ್ರೋಟಾನಿನಂಥವನ್ನು ಕಟ್ಟುವ ಮೂಲ ಕಣಗಳ ಗುಂಪು.) ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ 1995ರಲ್ಲಿ ಸಿಕ್ಕಿದ್ದು. ದ್ರವ್ಯರಾಶಿ ಸುಮಾರು 173 ಜಿಇವಿ. ಒಂದು ಟಂಗ್‌ಸ್ಟನ್ ಪರಮಾಣುವಿನಷ್ಟು ಭಾರ, ಅದೂ ಒಂದೇ ಮೂಲ ಕಣ! ಹಾಗಾಗಿ ಹಿಗ್ಸ್ ಸಿದ್ಧಾಂತವನ್ನು ಪರೀಕ್ಷಿಸಬೇಕು ಅಂದರೆ ಟಾಪ್ ಹತ್ತಿರವೇ ಕೇಳಬೇಕು.

ತೊಂದರೆ ಇಲ್ಲೇ. 125 ಜಿಇವಿಯ ಹಿಗ್ಸ್ ಒಡೆದು 173ರ ಎರಡು ಟಾಪ್ ಆಗುವುದು ಸಾಧ್ಯವಿಲ್ಲ. ಆ ದಾರಿ ಮುಚ್ಚಿದೆ. ನೇರವಾಗಿ ನೋಡಲು ಉಳಿದ ಮುಖ್ಯ ದಾರಿ: ಪ್ರೋಟಾನುಗಳ ಡಿಕ್ಕಿಯಲ್ಲಿ ಒಂದು ಟಾಪ್, ಒಂದು ಪ್ರತಿ-ಟಾಪ್ (ಟಾಪ್‌ನ ವಿರುದ್ಧ ಆವೇಶದ ಜೋಡಿ), ಜೊತೆಗೆ ಒಂದು ಹಿಗ್ಸ್, ಮೂರೂ ಒಟ್ಟಿಗೆ ಹುಟ್ಟುವ ಘಟನೆ ಹುಡುಕುವುದು. ಎಲ್‌ಎಚ್‌ಸಿಯಲ್ಲಿ ಹುಟ್ಟುವ ಹಿಗ್ಸ್‌ಗಳಲ್ಲಿ ಹೀಗೆ ಬರುವುದು ಶೇಕಡಾ 1 ಮಾತ್ರ. ಮೂರೂ ಕ್ಷಣದೊಳಗೆ ಒಡೆಯುತ್ತವೆ. ಡಿಟೆಕ್ಟರಿನಲ್ಲಿ ಕಾಣುವುದು ಚೂರುಗಳ ರಾಶಿ. ಹಿಗ್ಸ್ ಇಲ್ಲದೆ, ಎರಡು ಟಾಪ್ ಮತ್ತು ಬೇರೆ ಕ್ವಾರ್ಕ್‌ಗಳಿಂದಲೂ ಇಂಥದ್ದೇ ರಾಶಿ ಬೀಳುತ್ತದೆ, ಅದೂ ತುಂಬ ಜಾಸ್ತಿ. ಎರಡನ್ನೂ ಬೇರ್ಪಡಿಸಲು ಹಲವು ಬಗೆಯ ಹುಡುಕಾಟಗಳನ್ನು ಒಟ್ಟು ಸೇರಿಸಿದರು. ಕಂಪ್ಯೂಟರಿಗೆ ಕಲಿಸಿ ವಿಂಗಡಿಸುವ ವಿಧಾನಗಳನ್ನೂ ಬಳಸಿದರು.

2018ರ ಜೂನ್ 4, ಬೊಲೋನ್ಯಾ ಸಮ್ಮೇಳನದ ಮೊದಲ ದಿನ. ಮೂರೂ ಒಟ್ಟಿಗೆ ಹುಟ್ಟುವುದು ಕಂಡಿತು ಅನ್ನುವ ಸಿಎಂಎಸ್ ಲೇಖನ ಅಂದೇ ಪ್ರಕಟವಾಯಿತು, 5.2 ಸಿಗ್ಮಾ. ಅಟ್ಲಾಸ್ ತನ್ನದೂ ಇಟ್ಟಿತು, 6.3 ಸಿಗ್ಮಾ. ಎರಡೂ ಒಂದಕ್ಕೊಂದು ಹೊಂದಿದವು, ಸಿದ್ಧಾಂತಕ್ಕೂ ಹೊಂದಿದವು. ಜೊತೆಗೆ ಬಂದವರನ್ನೂ ಹಿಂದಿನ ಸಾಲಲ್ಲಿ ಕೂರಲು ಬಿಟ್ಟಿದ್ದರು. ಚಪ್ಪಾಳೆ ಬಿತ್ತು, ಜೋರಾಗಿಯೇ. ಆದರೆ ಮರುಕ್ಷಣ ಮೈಕ್ ಹತ್ತಿರ ಪ್ರಶ್ನೆ ಕೇಳುವವರು ಸಾಲು ನಿಂತಿದ್ದರು.

ಇನ್ನು ಸಿಗ್ಮಾ. ‘ಹೊಸತೇನೂ ಇಲ್ಲ, ಹಿನ್ನೆಲೆಯ ಘಟನೆಗಳು ಮಾತ್ರ ಇವೆ’ ಅಂತ ಇಟ್ಟುಕೊಳ್ಳಿ. ಆಗಲೂ ಬರೀ ಆಕಸ್ಮಿಕವಾಗಿ ಎಣಿಕೆ ಇಷ್ಟು ಏರುವ ಸಾಧ್ಯತೆ ಎಷ್ಟು? ಐದು ಸಿಗ್ಮಾ ಅಂದರೆ ಸುಮಾರು 35 ಲಕ್ಷದಲ್ಲಿ ಒಂದು. ಮೂರು ಸಿಗ್ಮಾ ಬಂದರೆ ‘ಸುಳಿವು ಸಿಕ್ಕಿತು’ ಅನ್ನುತ್ತಾರೆ. ಐದು ಬಂದರೆ ಮಾತ್ರ ‘ಕಂಡಿತು’. ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ ಕೊಡಿ: ಐದು ಸಿಗ್ಮಾ ಅಂದರೆ ಹಿಗ್ಸ್ ಇರುವ ಸಾಧ್ಯತೆ ಇಷ್ಟು ಅಂತ ಅಲ್ಲ. ಹಿಗ್ಸ್ ಇಲ್ಲದೇ ಹೋದರೆ ಇಂಥ ಡೇಟಾ ಬರುವ ಸಾಧ್ಯತೆ ಇಷ್ಟು ಅಂತ. ಪತ್ರಿಕೆಗಳು ಪ್ರತಿ ಸಲ ಇದನ್ನು ಉಲ್ಟಾ ಬರೆಯುತ್ತವೆ. ನಮ್ಮ ಪತ್ರಿಕೆಯೂ.

ಬೊಲೋನ್ಯಾ ಅಂದರೆ ತುಂಬ ಹಳೆಯ ವಿಶ್ವವಿದ್ಯಾಲಯ ಇರುವ ಊರಂತೆ. ನೋಡುವಂಥದ್ದು ಎಂತ ಉಂಟು?
(ಗೃಹಿಣಿ, ಕುಂದಾಪುರ)

ಅಲ್ಲಿಯ ವಿಶ್ವವಿದ್ಯಾಲಯ ತನ್ನ ಹುಟ್ಟನ್ನು 1088 ಅಂತ ಹೇಳಿಕೊಳ್ಳುತ್ತದೆ. ಊರಿನ ಹಳೆಯ ಬೀದಿಗಳಲ್ಲಿ ಉದ್ದಕ್ಕೂ ಕಂಬಗಳ ಮೇಲೆ ನಿಂತ ಮಾಡಿನ ಜಗಲಿಗಳು. ಹಳೆ ಪೇಟೆಯಲ್ಲಿ ಮಳೆ ಬಂದರೂ ಕೊಡೆ ಬಿಚ್ಚದೆ ನಡೆಯಬಹುದು. 2021ರಲ್ಲಿ ಅವು ಯುನೆಸ್ಕೊ ಪಟ್ಟಿಗೆ ಸೇರಿದವು. ಕೋಪರ್ನಿಕಸ್ ಓದಿದ ಊರು. ಕಪ್ಪೆಯ ಕಾಲು ವಿದ್ಯುತ್ತಿಗೆ ಜಿಗಿಯುವುದನ್ನು ಗಾಲ್ವಾನಿ ನೋಡಿದ ಊರು. ರೇಡಿಯೊದ ಮಾರ್ಕೋನಿ ಹುಟ್ಟಿದ ಊರು.

ಆದರೆ ನಾನು ನಿಮಗೆ ಹೇಳಬೇಕು ಅಂತಿದ್ದದ್ದು ಲೌರಾ ಬಾಸ್ಸಿಯ ವಿಷಯ. 1711ರಲ್ಲಿ ಹುಟ್ಟಿದವಳು. 1732ರಲ್ಲಿ, ಇಪ್ಪತ್ತರ ವಯಸ್ಸಿಗೆ ಬೊಲೋನ್ಯಾದಲ್ಲಿ ಡಾಕ್ಟರೇಟ್ ಪಡೆದಳು. ಪ್ರಾಧ್ಯಾಪಕರ ಪ್ರಶ್ನೆಗಳಿಗೆ ಊರಿನವರ ಎದುರು, ತುಂಬಿದ ಸಭೆಯಲ್ಲಿ ಉತ್ತರ ಕೊಟ್ಟಳು. ವಿಶ್ವವಿದ್ಯಾಲಯ ಕೆಲಸವನ್ನೂ ಕೊಟ್ಟಿತು, ಸಂಬಳವನ್ನೂ ಕೊಟ್ಟಿತು. ಆದರೆ ಹೆಂಗಸು ಅಂತ ಒಂದು ಷರತ್ತು: ಮೇಲಿನವರು ಕರೆದಾಗ ಮಾತ್ರ ಸಾರ್ವಜನಿಕವಾಗಿ ಪಾಠ ಮಾಡಬಹುದು. ಅವಳು ಏನು ಮಾಡಿದಳು? ಮನೆಯಲ್ಲೇ ಪ್ರಯೋಗಾಲಯ ಕಟ್ಟಿದಳು. ಗಂಡ ವೆರಾತ್ತಿಯೂ ವಿಜ್ಞಾನಿ. ಮಕ್ಕಳುಮರಿಗಳ ನಡುವೆಯೇ ನ್ಯೂಟನ್‌ನ ಭೌತಶಾಸ್ತ್ರ ಕಲಿಸಿದಳು, ವಿದ್ಯುತ್ತಿನ ಪ್ರಯೋಗ ಮಾಡಿದಳು. 1776ರಲ್ಲಿ ಪ್ರಾಯೋಗಿಕ ಭೌತಶಾಸ್ತ್ರದ ಪ್ರಾಧ್ಯಾಪಕಿ ಹುದ್ದೆ ಸಿಕ್ಕಿತು. ಸಹಾಯಕ ಯಾರು? ಅವಳ ಗಂಡನೇ! ಎರಡು ವರ್ಷದಲ್ಲಿ ತೀರಿಹೋದಳು.

‘ಮದುವೆಯಾದ ಮೇಲೆ ಎಂ.ಎಸ್ಸಿ. ಯಾಕೆ ಮೇಡಂ’ ಅಂತ ನನ್ನ ಹತ್ತಿರ ಕೇಳಿದ ಅತ್ತೆಯಂದಿರಿಗೆಲ್ಲ ಈ ಕಥೆ ಹೇಳಬೇಕಿತ್ತು. ಆಗ ನನಗೆ ಇಷ್ಟು ವಿವರ ಗೊತ್ತಿರಲಿಲ್ಲ.

ಆರ್ಕಿಜಿನ್ನಾಸಿಯೊ ಅಂತ ಹಳೆಯ ವಿಶ್ವವಿದ್ಯಾಲಯದ ಕಟ್ಟಡ ಉಂಟು. ಗೋಡೆ, ಛಾವಣಿ ತುಂಬ ಹಳೆ ವಿದ್ಯಾರ್ಥಿಗಳ ಲಾಂಛನಗಳು, ಸಾವಿರಗಟ್ಟಲೆ. ಒಳಗೆ ಮರದ ಒಂದು ಅಂಗರಚನಾ ಸಭಾಂಗಣ. ಹೆಣ ಕೊಯ್ದು ತೋರಿಸಿ ಪಾಠ ಮಾಡುತ್ತಿದ್ದ ಜಾಗ. 1944ರ ಬಾಂಬಿಗೆ ಪುಡಿಯಾಗಿತ್ತು, ಸಿಕ್ಕಿದ ಮರದ ತುಂಡುಗಳನ್ನು ಸೇರಿಸಿ ಮತ್ತೆ ಕಟ್ಟಿದ್ದಾರೆ.

ಪಕ್ಕದ ಸಾನ್ ಪೆಟ್ರೋನಿಯೊ ಇಗರ್ಜಿಗೆ ಮಾತ್ರ ಮಧ್ಯಾಹ್ನವೇ ಹೋಗಿ. ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಗೆರೆ. ಕ್ಯಾಸಿನಿ ಎಂಬ ಖಗೋಳ ವಿಜ್ಞಾನಿ 1655ರಲ್ಲಿ ಹಾಕಿಸಿದ್ದು. ಮಾಡಿನ ಒಂದು ತೂತಿನಿಂದ ಬಿಸಿಲಿನ ಬಿಂಬ ಬೀಳುತ್ತದೆ. ನಡುಮಧ್ಯಾಹ್ನ ಅದು ಗೆರೆ ದಾಟುತ್ತದೆ. ವರ್ಷವಿಡೀ ಆ ಬಿಂಬದ ಗಾತ್ರ ಅಳೆದು, ಸೂರ್ಯನ ವೇಗ ನಿಜವಾಗಿ ಬದಲಾಗುತ್ತದಾ ಅಂತ ಕ್ಯಾಸಿನಿ ಪರೀಕ್ಷಿಸಿದ. ಫಲಿತಾಂಶ, ಗ್ರಹಗಳು ಸೂರ್ಯನ ಹತ್ತಿರ ಬಂದಾಗ ಬೇಗ, ದೂರ ಹೋದಾಗ ನಿಧಾನ ಚಲಿಸುತ್ತವೆ ಅಂದಿದ್ದ ಕೆಪ್ಲರ್ ಕಡೆಗೆ ಬಂತು, ಅದೂ ಚರ್ಚಿನ ಒಳಗೆ! ಗೆಲಿಲಿಯೊ ವಿಚಾರಣೆ ನಡೆದು ಇನ್ನೂ 22 ವರ್ಷ ಆಗಿತ್ತಷ್ಟೇ. ನಮ್ಮ ಹುಡುಗಿ ಸಮ್ಮೇಳನದ ಬ್ಯಾಡ್ಜ್ ಕುತ್ತಿಗೆಗೆ ಹಾಕಿಕೊಂಡೇ ಬಂದು, ಆ ಬಿಂಬದ ಅಂಚು ಎಷ್ಟು ಮಸುಕು, ಅಳತೆಯಲ್ಲಿ ದೋಷ ಎಷ್ಟು ಬರಬಹುದು ಅಂತ ಲೆಕ್ಕ ಶುರು ಮಾಡಿದಳು.

ಇಷ್ಟು ಡೇಟಾ ಎಲ್ಲಿ ಇಡುತ್ತಾರೆ? ನಮ್ಮ ಆಫೀಸಿನಲ್ಲಿ ಒಂದು ಮಳೆಗಾಲ ದಾಟಿಸುವುದೇ ಕಷ್ಟ.
(ಸಾಫ್ಟ್‌ವೇರ್ ಎಂಜಿನಿಯರ್, ಮಂಗಳೂರು)

ನೀವು ತಮಾಷೆಗೆ ಕೇಳಿದ್ದೀರಿ, ಅಲ್ಲೂ ನೀರೇ ಶತ್ರು. ಎಲ್‌ಎಚ್‌ಸಿ ಡೇಟಾವನ್ನು ಸರ್ನ್ ಒಂದರಲ್ಲೇ ಇಡುವುದಿಲ್ಲ. ಪ್ರತಿಗಳನ್ನು ಜಗತ್ತಿನ ಬೇರೆ ಬೇರೆ ಕೇಂದ್ರಗಳಿಗೆ ಹಂಚುತ್ತಾರೆ. ಅದರ ಹೆಸರು ಗ್ರಿಡ್. ಮೊದಲ ದರ್ಜೆಯ ಕೇಂದ್ರಗಳಲ್ಲಿ ಒಂದು ಬೊಲೋನ್ಯಾದ ಸಿಎನ್‌ಎಎಫ್. 2017ರ ನವೆಂಬರ್ 9ರಂದು ಹತ್ತಿರದ ರಸ್ತೆಯ ನೀರಿನ ದೊಡ್ಡ ಪೈಪು ಒಡೆದು, ನೀರು ಆ ಕೇಂದ್ರದ ಕಂಪ್ಯೂಟರ್ ಕೋಣೆಗೇ ನುಗ್ಗಿತು. ವಿದ್ಯುತ್ ವ್ಯವಸ್ಥೆ ಹೋಯಿತು, ಟೇಪುಗಳು ಒದ್ದೆಯಾದವು. ಎದ್ದು ನಿಲ್ಲಲು ತಿಂಗಳುಗಳೇ ಬೇಕಾದವು. ಸಮ್ಮೇಳನ ಅದೇ ಊರಲ್ಲಿ ನಡೆದದ್ದು ಅದಾಗಿ ಏಳು ತಿಂಗಳಿಗೆ. ಪ್ರತಿ ಬೇರೆ ಕಡೆ ಇದ್ದದ್ದರಿಂದ ಎಲ್‌ಎಚ್‌ಸಿ ಕೆಲಸ ನಿಲ್ಲಲಿಲ್ಲ.

ಭಾರತದಲ್ಲೂ ಎರಡನೇ ದರ್ಜೆಯ ಕೇಂದ್ರಗಳಿವೆ: ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್), ಕೋಲ್ಕತ್ತದ ವಿಇಸಿಸಿ ಎಂಬ ಸಂಶೋಧನಾ ಕೇಂದ್ರದಲ್ಲಿ. ನಿಮ್ಮ ಆಫೀಸಿನ ಬ್ಯಾಕಪ್ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಇದ್ದರೆ ಜೂನ್ ಬರುವ ಮೊದಲು ಯೋಚನೆ ಮಾಡಿ.

ಕೋಟಿಗಟ್ಟಲೆ ಸುರಿದು ಕಣ ಹುಡುಕಿದರೆ ನಮಗೆ ಎಂತ ಲಾಭ? ಕುಚ್ಚಲಕ್ಕಿ ರೇಟು ಇಳಿಯುತ್ತದಾ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಸುರತ್ಕಲ್)

ಇಳಿಯುವುದಿಲ್ಲ ಮಾರಾಯ್ರೆ.

ಈ ಪ್ರಶ್ನೆಗೆ ಎಲ್ಲರೂ ಸರ್ನ್‌ನಲ್ಲಿ ವರ್ಲ್ಡ್ ವೈಡ್ ವೆಬ್ ಹುಟ್ಟಿತು ಅಂತ ಉತ್ತರ ಕೊಡುತ್ತಾರೆ. ಹುಟ್ಟಿದ್ದು ನಿಜ. ನನಗೆ ಆ ಉತ್ತರ ಅಷ್ಟು ಇಷ್ಟ ಇಲ್ಲ. ಹಿಗ್ಸ್ ಹುಡುಕಿದ್ದು ಹಿಗ್ಸ್ ಬೇಕು ಅಂತಲೇ. ಉಳಿದದ್ದು ದಾರಿಯಲ್ಲಿ ಸಿಕ್ಕಿದ್ದು.

ಆದರೆ ವೇಗವರ್ಧಕ, ಅಂದರೆ ಕಣಗಳನ್ನು ವೇಗವಾಗಿ ಓಡಿಸುವ ಯಂತ್ರ, ಜಿನೀವಾದ ವಸ್ತು ಮಾತ್ರ ಅಂತ ತಿಳಿಯಬೇಡಿ. ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಬಹುದಾದ ಕೊಣಾಜೆಯಲ್ಲಿ, ಮಂಗಳೂರು ವಿಶ್ವವಿದ್ಯಾಲಯದಲ್ಲಿ, 1990ರ ದಶಕದಲ್ಲೇ ಮೈಕ್ರೋಟ್ರಾನ್ ಕೇಂದ್ರ ಶುರುವಾಯಿತು. ಎಲೆಕ್ಟ್ರಾನುಗಳನ್ನು 8 ಎಂಇವಿ ಶಕ್ತಿಯವರೆಗೆ ಓಡಿಸುವ ಯಂತ್ರ. ಕಟ್ಟಿಕೊಟ್ಟವರು ಇಂದೋರಿನ ಸರ್ಕಾರಿ ವೇಗವರ್ಧಕ ಕೇಂದ್ರದವರು. ಪ್ಲಾಸ್ಟಿಕ್, ಅರೆವಾಹಕ, ಬೀಜ, ಇವುಗಳಿಗೆ ವಿಕಿರಣ ತಾಗಿದರೆ ಎಂತ ಆಗುತ್ತದೆ ಅಂತ ನೋಡುವ ಕೆಲಸ ಅದರದ್ದು. ಬೊಲೋನ್ಯಾದಲ್ಲಿ ಚರ್ಚೆಯಾದ ಡೇಟಾದ ದೊಡ್ಡ ಪಾಲು ಬಂದದ್ದು ಒಂದೊಂದು ಪ್ರೋಟಾನ್‌ಗೆ 6.5 ಟಿಇವಿ (ಒಂದು ಟಿಇವಿ ಅಂದರೆ ಹತ್ತು ಲಕ್ಷ ಎಂಇವಿ) ಶಕ್ತಿ ಕೊಟ್ಟಾಗ. ಕೊಣಾಜೆಯದ್ದಕ್ಕಿಂತ ಎಂಟು ಲಕ್ಷ ಪಟ್ಟು ಜಾಸ್ತಿ. ಅಂತರ ದೊಡ್ಡದು, ವಿದ್ಯೆ ಒಂದೇ: ವಿದ್ಯುತ್ ಕ್ಷೇತ್ರದಿಂದ ತಳ್ಳು, ಕಾಂತಕ್ಷೇತ್ರದಿಂದ ತಿರುಗಿಸು.

ಇನ್ನೊಂದು. ಎಲ್‌ಎಚ್‌ಸಿಯ 27 ಕಿಲೋಮೀಟರ್ ಸುರಂಗದಲ್ಲಿ 15 ಮೀಟರ್ ಉದ್ದದ, ಮೂವತ್ತು ಟನ್‌ಗೂ ಮೀರಿದ 1,232 ಮುಖ್ಯ ಮ್ಯಾಗ್ನೆಟ್‌ಗಳಿವೆ. ಮ್ಯಾಗ್ನೆಟ್‌ಗಳನ್ನು ಹೊತ್ತು, ಬಹಳ ಸೂಕ್ಷ್ಮವಾಗಿ ಸರಿಸಿ ಜೋಡಿಸುವ ಜ್ಯಾಕ್‌ಗಳು ಭಾರತದಲ್ಲಿ ತಯಾರಾದವು. ಏಳು ಸಾವಿರಕ್ಕೂ ಜಾಸ್ತಿ ಕಳಿಸಿದ್ದೇವೆ. ಅದಕ್ಕೆ ದುಡ್ಡೂ ಲೆಕ್ಕಕ್ಕೆ ಬಂದಿದೆ. ಬ್ಯಾಂಕಿನವರು ನೀವು, ಅದಾದರೂ ಒಪ್ಪುತ್ತೀರಿ ತಾನೇ.

ಮಗಳು ಕಣ ಭೌತಶಾಸ್ತ್ರವೇ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಮ್ಮದು ಅಡಿಕೆ ತೋಟ. ಇಂಗ್ಲಿಷ್ ಅಷ್ಟಕ್ಕಷ್ಟೇ. ಇಲ್ಲಿಂದ ಅಲ್ಲಿಗೆ ಹೋಗಲು ಆಗುತ್ತದಾ? ಕೆಲಸ ಸಿಗುತ್ತದಾ?
(ಕೃಷಿಕರು, ಪುತ್ತೂರು)

ಹೋಗಲು ಆಗುತ್ತದೆ. ಕೆಲಸದ ಬಗ್ಗೆ ಸುಳ್ಳು ಹೇಳಲಾರೆ. ಪಿಎಚ್.ಡಿ. ಮುಗಿಯುವಾಗ ಇಪ್ಪತ್ತೆಂಟು-ಮೂವತ್ತು ವರ್ಷ ಆಗುತ್ತದೆ. ಆಮೇಲೂ ಎರಡು ಮೂರು ಊರು ತಿರುಗಿ ತಾತ್ಕಾಲಿಕ ಕೆಲಸ ಮಾಡಬೇಕು. ಕಾಯಂ ಹುದ್ದೆ ಕಡಿಮೆ. ಆದರೆ ದೊಡ್ಡ ಡೇಟಾ ಜಾಲಾಡಲು ಕಲಿತವರಿಗೆ ಹೊರಗೆ ಕೆಲಸದ ಬರ ಇಲ್ಲ. ನಮ್ಮ ಹುಡುಗಿಯ ಜೊತೆಗೆ ಓದಿದವರಲ್ಲಿ ಕೆಲವರು ಈಗ ಬ್ಯಾಂಕಿನಲ್ಲಿ, ಆಸ್ಪತ್ರೆಯ ವಿಕಿರಣ ವಿಭಾಗದಲ್ಲಿ ಇದ್ದಾರೆ.

ದಾರಿ ಹೀಗೆ: ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಗಟ್ಟಿ ಮಾಡಿಕೊಳ್ಳಲಿ. ಎಂ.ಎಸ್ಸಿ. ಆದಮೇಲೆ ಜೆಸ್ಟ್, ಗೇಟ್, ನೆಟ್, ಟಿಐಎಫ್‌ಆರ್‌ನ ಪ್ರವೇಶ ಪರೀಕ್ಷೆ ಬರೆಯಬಹುದು. ಸಿಎಂಎಸ್ ತಂಡದಲ್ಲಿ ಟಿಐಎಫ್‌ಆರ್, ಬಿಎಆರ್‌ಸಿ, ದೆಹಲಿ, ಪಂಜಾಬ್ ವಿಶ್ವವಿದ್ಯಾಲಯಗಳೆಲ್ಲ ಇವೆ. 2017ರಲ್ಲಿ ಭಾರತ ಸರ್ನ್‌ನ ಸಹ ಸದಸ್ಯ ದೇಶ ಆಯಿತು. ಅಲ್ಲಿಯ ಕೆಲವು ಹುದ್ದೆಗಳಿಗೆ ನಮ್ಮವರೂ ಅರ್ಜಿ ಹಾಕಬಹುದು. ಎಂಜಿನಿಯರುಗಳೂ ಅಲ್ಲಿ ಬೇಕು.

ಇಂಗ್ಲಿಷ್ ಚಿಂತೆ ಬಿಡಿ. ಬೊಲೋನ್ಯಾದಲ್ಲಿ ಇಟಾಲಿಯನ್ನರ ಇಂಗ್ಲಿಷ್, ಜಪಾನಿನವರ ಇಂಗ್ಲಿಷ್, ನಮ್ಮವರ ಇಂಗ್ಲಿಷ್ ಎಲ್ಲ ಕೇಳಿದೆ. ಯಾರೂ ಯಾರ ವ್ಯಾಕರಣವನ್ನೂ ತಿದ್ದಲಿಲ್ಲ. ತಿದ್ದಿದ್ದು ಗ್ರಾಫ್ ಮಾತ್ರ.

ಮಗಳಿಗೆ ಈಗಲೇ ಹೇಳಿ, ಸಿಎಂಎಸ್ ತನ್ನ ಡೇಟಾದ ಒಂದು ಪಾಲನ್ನು 2014ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿದೆ. ದುಡ್ಡು ಕೊಡಬೇಕಿಲ್ಲ. ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿದ್ದರೆ ಪುತ್ತೂರಿನಲ್ಲೇ ಕೂತು ನಿಜವಾದ ಡಿಕ್ಕಿಗಳನ್ನು ನೋಡಬಹುದು.

ಕರ್ನಾಟಕಕ್ಕೆ ಇದು ಹೊಸ ವಿದ್ಯೆಯೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ಟಿಐಎಫ್‌ಆರ್‌ನವರು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್‌ನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ, ಯಾವುದಕ್ಕೂ ಸುಲಭವಾಗಿ ತಾಗದ ನ್ಯೂಟ್ರಿನೊ ಕಣಗಳ ಸುಳುಹು ಹಿಡಿದಿದ್ದರು. ಜಗತ್ತಿನಲ್ಲಿ ಮೊದಲು ಹಿಡಿದವರಲ್ಲಿ ಅವರೂ ಸೇರಿದ್ದಾರೆ. ಗಣಿಯಲ್ಲಿ ಈ ಸಂಶೋಧನೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಬಿ.ವಿ. ಶ್ರೀಕಂಠನ್ ನಂಜನಗೂಡಿನ ಕಡೆಯವರು, ಮುಂದೆ ಟಿಐಎಫ್‌ಆರ್‌ನ ನಿರ್ದೇಶಕರಾದರು. ಗಣಿಯಲ್ಲಿ ಚಿನ್ನ ಮುಗಿಯುತ್ತ ಬಂತು, ಗಣಿ ಮುಚ್ಚಿತು. ಪ್ರಯೋಗ ಅದಕ್ಕೂ ಮೊದಲೇ ನಿಂತಿತ್ತು. ಆ ಜಾಗವನ್ನು ಉಳಿಸಿಕೊಳ್ಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಆದರೆ ಪಂಪು ನಿಲ್ಲಿಸಿದರೆ ನೀರು ತುಂಬುತ್ತದೆ, ಪಂಪಿಗೆ ದುಡ್ಡು ಯಾರು ಕೊಡುತ್ತಾರೆ?

ಆ ಯಂತ್ರದಿಂದ ಕಪ್ಪುಕುಳಿ ಹುಟ್ಟಿ ಭೂಮಿಯನ್ನೇ ನುಂಗುತ್ತದಂತೆ, ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ?
(ಹೆಸರು ಬೇಡ ಎಂದವರು, ಬಂಟ್ವಾಳ)

ಅಲ್ಲ. ಎಲ್‌ಎಚ್‌ಸಿಗಿಂತ ಎಷ್ಟೋ ಜಾಸ್ತಿ ಶಕ್ತಿಯ ಡಿಕ್ಕಿಗಳು ನಮ್ಮ ತಲೆಯ ಮೇಲೆ, ವಾತಾವರಣದಲ್ಲಿ, ಕೋಟ್ಯಂತರ ವರ್ಷಗಳಿಂದ ನಡೆಯುತ್ತಲೇ ಇವೆ. ಅದಕ್ಕೆ ಕಾರಣ ಬಾಹ್ಯಾಕಾಶದಿಂದ ಬರುವ ವೇಗದ ಕಣಗಳು, ಕಾಸ್ಮಿಕ್ ಕಿರಣಗಳು. ಭೂಮಿ ಇಲ್ಲೇ ಉಂಟು, ಬಂಟ್ವಾಳವೂ ಉಂಟು. ಉಡುಪಿ ಹತ್ತಿರದ ಅದಮಾರಿನವರಾದ ಯು.ಆರ್. ರಾವ್ ಉಪಗ್ರಹಗಳಿಂದ ಹೆಸರಾದರು. ಅದಕ್ಕೂ ಮೊದಲು, ವಿಕ್ರಂ ಸಾರಾಭಾಯಿ ಕೈಕೆಳಗೆ ಅವರು ಸಂಶೋಧನೆ ಮಾಡಿದ್ದು ಇದೇ ಕಾಸ್ಮಿಕ್ ಕಿರಣಗಳ ಮೇಲೆ. ಆ ಮೆಸೇಜ್ ಕಳಿಸಿದವರಿಗೆ ಇದನ್ನು ಫಾರ್ವರ್ಡ್ ಮಾಡಿ.

ಸಸ್ಯಾಹಾರಿಗಳಿಗೆ ಅಲ್ಲಿ ಊಟಕ್ಕೆ ಎಂತ ಮಾಡುವುದು? ನಾವು ಮುಂದಿನ ವರ್ಷ ಇಟಲಿ ಟೂರ್ ಹೋಗುವವರಿದ್ದೇವೆ.
(ದಂಪತಿ, ಮಣಿಪಾಲ)

ಕಣಗಳ ಬಗ್ಗೆ ಕೇಳುತ್ತೀರಿ ಅಂದುಕೊಂಡಿದ್ದೆ! ಆದರೂ ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ಬೊಲೋನ್ಯಾ ಮಾಂಸದ ಅಡುಗೆಗೆ ಹೆಸರಾದ ಊರು. ಅಲ್ಲಿಯ ತಾಜಾ ಪಾಸ್ಟಾ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ತೊರ್ತೆಲ್ಲಿನಿ ಅಂದರೆ ಒಳಗೆ ಹಂದಿ ಮಾಂಸ. ತೊರ್ತೆಲ್ಲೋನಿ ಅಂದರೆ ಸಾಮಾನ್ಯವಾಗಿ ರಿಕೋಟಾ ಚೀಸ್, ಕೆಲವೊಮ್ಮೆ ಪಾಲಕ್. ಹೆಸರಲ್ಲಿ ಒಂದಕ್ಷರ ವ್ಯತ್ಯಾಸ, ತಟ್ಟೆಯಲ್ಲಿ ಬಹಳ ವ್ಯತ್ಯಾಸ. ಬೆರಳಿಟ್ಟು ತೋರಿಸಿ ಆರ್ಡರ್ ಮಾಡಿ.

ಮೊಟ್ಟೆಯೂ ಬೇಡ ಅನ್ನುವವರು ಒಣ ಪಾಸ್ಟಾ, ಟೊಮೆಟೊ ಸಾಸ್ ಅಂತ ಕೇಳಿ. ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಬೇಡದಿದ್ದರೆ ಆರ್ಡರ್ ಕೊಡುವಾಗಲೇ ಹೇಳಿ. ತಟ್ಟೆ ಬಂದ ಮೇಲೆ ಹೇಳಿ ಪ್ರಯೋಜನ ಇಲ್ಲ, ಮೇಲಿಂದ ಉದುರಿಸಿಯೇ ತಂದಿರುತ್ತಾರೆ.